ಮನೆಯಲ್ಲಿ ಕಟ್ಟಿದ ಹಾಡು

(ಬಾನುಲಿ ಭಾಷಣ)

ಮೂರು ದಶಕಗಳಿಗೂ ಹೆಚ್ಚು ಕಾಲ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಸಂಗೀತವನ್ನು ಗುರುಮುಖದಿಂದ ಕಲಿತವನಲ್ಲ. ಧಾರವಾಡದಲ್ಲಿ ವಾಸಿಸುವವನಿಗೆ ಸಂಗೀತ ಕಿವಿಗೆ ಬೀಳದೆ ಇರುವುದಿಲ್ಲ. ನನ್ನ ಸಂಗೀತಜ್ಞಾನ ಹಾಗೆ ಕಿವಿಗೆ ಬಿದ್ದದ್ದೇ ಹೊರತು ಸಾಧನೆಯಿಂದ ಬಂದದ್ದಲ್ಲ. ಅಂಥವನು ಕಳೆದ ನಾಲ್ಕು ವರ್ಷಗಳಿಂದ ಮನೆಯ ಹಿಂಬದಿಯ ಕೋಣೆಯಲ್ಲಿ ಕುಳಿತು ಹಾಡು ಬರೆಯುತ್ತೇನೆ, ಅದಕ್ಕೊಂದು ಮಟ್ಟು ಹುಡುಕುತ್ತೇನೆ, ನಾನೇ ಹಾಡಿ ನಾನೇ ಮುದ್ರಿಸಿಕೊಳ್ಳುತ್ತೇನೆ ಎಂದರೆ ನನ್ನ ಹಳೆಯ ವಿದ್ಯಾರ್ಥಿಗಳು ನಗುತ್ತಾರೆ. ಆ ನಗೆಯಲ್ಲಿ ನಾನೂ ಸೇರಿಕೊಳ್ಳುತ್ತೇನೆ. ಆದರೆ ಈ ಹವ್ಯಾಸ ವಿನೋದಕ್ಕಾಗಿ ಆರಂಭವಾದದ್ದಲ್ಲ. ಬಹಳ ಹಿಂದೆ ನನ್ನ ಕೈಯಿಂದ ನಡೆದ ಒಂದು ತಪ್ಪು ಅದರ ಮೂಲ. ಆ ತಪ್ಪನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಮನೆಯಲ್ಲಿ ಹಾಡು ಕಟ್ಟಿ ಮುದ್ರಿಸುವ ಈ ಕೆಲಸ ಎಲ್ಲಿಂದ ಬಂತು, ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡೋಣ.

ಹಾಡು ಮೂಲತಃ ಮನೆಯದೇ. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ, ಮದುಮಗಳಿಗೆ ಅರಿಸಿನ ಹಚ್ಚುವಾಗ ನಮ್ಮ ಹೆಣ್ಣುಮಕ್ಕಳು ಹಾಡಿದ್ದು ಯಾವ ಸಭೆಗಾಗಿಯೂ ಅಲ್ಲ. ಧ್ವನಿಯನ್ನು ಹಿಡಿದಿಡುವ ಯಂತ್ರ ಹುಟ್ಟಿದಾಗಲೂ ಅದರ ಕಣ್ಣು ಮನೆಯ ಮೇಲೆಯೇ ಇತ್ತು. ಥಾಮಸ್ ಎಡಿಸನ್ 1877ರಲ್ಲಿ ಫೋನೋಗ್ರಾಫನ್ನು ರೂಪಿಸಿದ. ಮರುವರ್ಷ ಅದರ ಪ್ರಯೋಜನಗಳನ್ನು ಪಟ್ಟಿಮಾಡಿ ಒಂದು ಲೇಖನ ಬರೆದ. ಪತ್ರಗಳನ್ನು ಹೇಳಿ ಬರೆಯಿಸುವುದು, ಕುರುಡರಿಗೆ ಪುಸ್ತಕ ಕೇಳಿಸುವುದು, ಸಂಗೀತ ಇವುಗಳ ಜೊತೆಗೆ ಅವನು ಹೇಳಿದ ಇನ್ನೊಂದು ಪ್ರಯೋಜನವೆಂದರೆ ಕುಟುಂಬದ ದಾಖಲೆ: ಮನೆಯವರ ಮಾತು, ನೆನಪುಗಳು ಅವರವರ ದನಿಯಲ್ಲೇ ಉಳಿಯಬಹುದು ಎಂಬ ಆಸೆ. ಆ ಆಸೆ ಸಾಮಾನ್ಯರ ಮನೆಗಳಲ್ಲಿ ಕೈಗೂಡಲು ಸುಮಾರು ನೂರು ವರ್ಷ ಹಿಡಿಯಿತು. ಈ ನಡುವೆ ಯಂತ್ರ ವ್ಯಾಪಾರದ ಕೈಗೆ ಹೋಯಿತು. ಹಾಡು ಮನೆ ಬಿಟ್ಟು ಹೊರಗೆ ಹೊರಟಿತು.

ನಮ್ಮ ದೇಶದಲ್ಲಿ ಈ ಯಾತ್ರೆಯ ಮೊದಲ ಹೆಜ್ಜೆಗಳು ಬಿದ್ದದ್ದು 1902ರ ನವೆಂಬರ್ ತಿಂಗಳಲ್ಲಿ, ಕಲ್ಕತ್ತೆಯಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಹೋಟೆಲೊಂದರ ಕೋಣೆಯನ್ನೇ ಮುದ್ರಣಶಾಲೆ ಮಾಡಿಕೊಂಡು ಗೌಹರ್ ಜಾನಳ ಕಂಠವನ್ನು ಮುದ್ರಿಸಿದ. ಆಗ ಮೈಕ್ರೊಫೋನ್ ಇರಲಿಲ್ಲ. ದೊಡ್ಡದೊಂದು ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕು. ದನಿಯ ಒತ್ತಡದಿಂದಲೇ ಸೂಜಿ ಮೇಣದ ಮೇಲೆ ಗೆರೆ ಕೊರೆಯಬೇಕು. ತಟ್ಟೆಯ ಒಂದು ಬದಿಗೆ ಸುಮಾರು 3 ನಿಮಿಷ. ಗಂಟೆಗಟ್ಟಲೆ ಹರಡುವ ರಾಗವನ್ನು ಆಕೆ ಆ ಮೂರು ನಿಮಿಷಗಳಲ್ಲಿ ಅಡಕಗೊಳಿಸಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳಿ ಮುಗಿಸುತ್ತಿದ್ದಳು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ! ನಮ್ಮ ಹರಿದಾಸರು ಪದದ ಕೊನೆಗೆ ಅಂಕಿತವಿಡುವುದನ್ನು ಪಾಠ ಹೇಳಿದ ನನಗೆ, ಇದೂ ಒಂದು ಅಂಕಿತವೇ ಅನ್ನಿಸುತ್ತದೆ. ದಾಸರದು ದೇವರ ಹೆಸರು, ಆಕೆಯದು ಸ್ವಂತ ಹೆಸರು, ಅಷ್ಟೇ ವ್ಯತ್ಯಾಸ. ಈ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ಬೀಸುವ ಕಲ್ಲಿನ ಮುಂದೆ ಹಾಡಿದ ನಮ್ಮ ತಾಯಂದಿರಿಗಾದರೋ ಅಂಕಿತವೂ ಇರಲಿಲ್ಲ, ಕಹಳೆಯೂ ಇರಲಿಲ್ಲ.

ಮನೆಯೊಳಗಿನ ಹವ್ಯಾಸದಿಂದ ಎಂಥ ಕೆಲಸವಾದೀತು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಾನು ಈಗ ಮಾತಾಡುತ್ತಿರುವ ಈ ಮಾಧ್ಯಮವೂ ನಮ್ಮ ನಾಡಿನಲ್ಲಿ ಒಬ್ಬ ಅಧ್ಯಾಪಕರ ಮನೆಯಲ್ಲಿ ಕಣ್ಣುಬಿಟ್ಟಿತು. ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 30 ವ್ಯಾಟಿನ ಪುಟ್ಟ ಪ್ರೇಷಕವೊಂದರ ಮೂಲಕ ಪ್ರಸಾರ ಆರಂಭಿಸಿದರು. ಅವರ ನಿಲಯಕ್ಕಿದ್ದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತು. ಮೂವತ್ತು ವ್ಯಾಟು ಎಂದರೆ ಮನೆಯ ದೀಪವೊಂದು ಉರಿಯುವಷ್ಟು ಶಕ್ತಿ.

ಇನ್ನು ಹಾಡಿನ ಮುದ್ರಣ ಮನೆಗೆ ಮರಳಿದ ಕಥೆ. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ತನ್ನ ಮನೆಯ ಗ್ಯಾರೇಜಿನಲ್ಲಿ, ಮೊದಲು ನುಡಿಸಿದ್ದನ್ನು ಕೇಳುತ್ತ ಅದರ ಮೇಲೆ ಇನ್ನೊಂದನ್ನು ನುಡಿಸಿ ಮುದ್ರಿಸುತ್ತ, ಒಬ್ಬನೇ ಹಲವು ಗಿಟಾರುಗಳ ಮೇಳವಾದ. ಹಾಗೆ ಮಾಡಿದ ಮುದ್ರಿಕೆ 1948ರಲ್ಲಿ ಹೊರಬಂದಿತು. ಪದರದ ಮೇಲೆ ಪದರ ಹಾಕುವ ಈ ಕ್ರಮವೇ ಇಂದಿನ ಗೃಹಮುದ್ರಣದ ಬುನಾದಿ. 1963ರಲ್ಲಿ ಫಿಲಿಪ್ಸ್ ಕಂಪನಿ ಪುಟ್ಟ ಕ್ಯಾಸೆಟ್ಟನ್ನು ತಂದಿತು. 1979ರಲ್ಲಿ ಜಪಾನಿನ ಟಿಯಾಕ್ ಕಂಪನಿ, ಸಾಮಾನ್ಯ ಕ್ಯಾಸೆಟ್ಟಿನ ಮೇಲೆಯೇ ನಾಲ್ಕು ಪದರಗಳನ್ನು ಬೇರೆಬೇರೆಯಾಗಿ ಮುದ್ರಿಸಬಲ್ಲ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. 1982ರ ಜನವರಿಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಎಂಬ ಪ್ರಸಿದ್ಧ ಗಾಯಕ ನ್ಯೂಜೆರ್ಸಿಯ ತನ್ನ ಮನೆಯ ಮಲಗುವ ಕೋಣೆಯಲ್ಲಿ ಅಂಥ ಯಂತ್ರವಿಟ್ಟುಕೊಂಡು ಹೊಸ ಹಾಡುಗಳ ಕರಡನ್ನು ಮುದ್ರಿಸಿಕೊಂಡ. ಬಳಿಕ ತನ್ನ ವಾದ್ಯವೃಂದದೊಡನೆ ಸುಸಜ್ಜಿತ ಸ್ಟುಡಿಯೋದಲ್ಲಿ ಅವನ್ನೇ ಹಾಡಿ ನೋಡಿದರೆ ಕರಡಿನಲ್ಲಿದ್ದ ಜೀವ ಅಲ್ಲಿ ಕಾಣಲಿಲ್ಲ. ಕೊನೆಗೆ, ಜೇಬಿನಲ್ಲಿ ಹಾಗೆಯೇ ಹಾಕಿಕೊಂಡು ತಿರುಗಿದ ಆ ಕ್ಯಾಸೆಟ್ಟಿನ ಮುದ್ರಣವನ್ನೇ ಅದೇ ವರ್ಷ 'ನೆಬ್ರಾಸ್ಕ' ಎಂಬ ಹೆಸರಿನಿಂದ ಪ್ರಕಟಿಸಿದರು. ಸ್ಟುಡಿಯೋದಲ್ಲಿ ಇಲ್ಲದ ಏನೋ ಒಂದು ಮನೆಯ ಮುದ್ರಣದಲ್ಲಿ ಇರುತ್ತದೆ. ಅದು ಏನು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಈಗ ನನ್ನ ಕೋಣೆಗೆ ಬನ್ನಿ. ಉಪಕರಣಗಳು ಹೆಚ್ಚಿಲ್ಲ. ಒಂದು ಮೈಕ್ರೊಫೋನು; ಅದರಿಂದ ಬರುವ ವಿದ್ಯುತ್ತಿನ ಅಲೆಯನ್ನು ಅಂಕೆಗಳನ್ನಾಗಿ ಮಾರ್ಪಡಿಸುವ ಅಂಗೈಯಗಲದ ಪೆಟ್ಟಿಗೆ; ಒಂದು ಕಂಪ್ಯೂಟರು; ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು. ಹಾಡನ್ನು ಮುದ್ರಿಸಿ ತಿದ್ದುವ ತಂತ್ರಾಂಶ ಪುಕ್ಕಟೆಯಾಗಿಯೇ ದೊರೆಯುತ್ತದೆ. ನಾನು ಬಳಸುವ ಅಡಾಸಿಟಿ ಅಂಥದು. ಇಷ್ಟೂ ಇಲ್ಲದವರು ಮೊಬೈಲ್ ಫೋನಿನಿಂದಲೇ ಆರಂಭಿಸಬಹುದು. ಯಂತ್ರ ಮಾಡುವ ಕೆಲಸ ಹೇಳಲು ಸುಲಭ. ದನಿಯೆಂದರೆ ಗಾಳಿಯ ಒತ್ತಡದ ಏರಿಳಿತ. ಸಿ.ಡಿ.ಯ ಗುಣಮಟ್ಟದಲ್ಲಿ ಮುದ್ರಿಸುವಾಗ ಆ ಏರಿಳಿತವನ್ನು ಸೆಕೆಂಡಿಗೆ 44,100 ಬಾರಿ ಅಳೆದು ಪ್ರತಿ ಅಳತೆಯನ್ನೂ ಒಂದು ಅಂಕೆಯಾಗಿ ಬರೆದಿಡಲಾಗುತ್ತದೆ. ಮತ್ತೆ ಕೇಳುವಾಗ ಆ ಅಂಕೆಗಳೇ ಅಲೆಗಳಾಗುತ್ತವೆ.

ಯಂತ್ರಕ್ಕಿಂತ ಕಷ್ಟವಾದದ್ದು ಕೋಣೆ. ಬೋಳು ಗೋಡೆ, ಗಾರೆಯ ನೆಲ ಇವು ದನಿಯನ್ನು ಕನ್ನಡಿಯಂತೆ ತಿರುಗಿ ಎಸೆಯುತ್ತವೆ. ಮೈಕ್ರೊಫೋನಿಗೆ ಬಾಯಿಯ ದನಿ ಒಮ್ಮೆ, ಗೋಡೆಯಿಂದ ಮರಳಿದ ದನಿ ಹಲವು ಬಾರಿ ಕೇಳಿ, ಹಾಡು ಬಾವಿಯೊಳಗಿಂದ ಬಂದಂತಾಗುತ್ತದೆ. ಮೆತ್ತನೆಯ ವಸ್ತುಗಳು ದನಿಯನ್ನು ಹೀರುತ್ತವೆ. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಅದಕ್ಕೆ ಬೇಕಾದ ಸಾಧನ ಹಿಂದಿನಿಂದಲೂ ಇದೆ: ಕೌದಿ. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹೊಲಿದ ನಮ್ಮ ಅವ್ವನ ಎರಡು ಕೌದಿಗಳನ್ನು ಹಾಡುವವನ ಬೆನ್ನ ಹಿಂದೆಯೂ ಒಂದು ಪಕ್ಕದಲ್ಲೂ ಹಗ್ಗಕ್ಕೆ ತೂಗುಹಾಕಿದ್ದೇನೆ. ಕೋಣೆ ತಕ್ಷಣ ಹತ್ತಿರಕ್ಕೆ ಬಂದಂತಾಯಿತು.

ಮೈಕ್ರೊಫೋನು ಬಾಯಿಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ಇರಬೇಕು. ನೇರವಾಗಿಟ್ಟರೆ 'ಪ', 'ಬ' ಎನ್ನುವಾಗ ತುಟಿಯಿಂದ ಸಿಡಿಯುವ ಗಾಳಿ ಗುಂಡಿನಂತೆ ಬಡಿಯುತ್ತದೆ. 'ಫ', 'ಭ' ಎಂಬ ಮಹಾಪ್ರಾಣಗಳಂತೂ ಇನ್ನೂ ಜೋರು. 'ಸ', 'ಶ' ಹಾವಿನಂತೆ ಬುಸುಗುಟ್ಟುತ್ತವೆ. ವರ್ಗೀಯ ವ್ಯಂಜನ, ಅಲ್ಪಪ್ರಾಣ, ಮಹಾಪ್ರಾಣ ಎಂದು ಕರಿಹಲಗೆಯ ಮೇಲೆ ಬರೆದು ಬರೆದು ಸವೆದ ನನಗೆ, ಮಹಾಪ್ರಾಣವೆಂದರೆ ನಿಜವಾಗಿಯೂ ಉಸಿರು ಎಂದು ಗೊತ್ತಾದದ್ದು ಈ ಯಂತ್ರದ ಮುಂದೆ.

ಮೊದಲ ಸಲ ತಮ್ಮ ದನಿಯನ್ನು ತಾವೇ ಕೇಳಿದವರೆಲ್ಲ 'ಇದು ನನ್ನದಲ್ಲ' ಎನ್ನುತ್ತಾರೆ. ಕಾರಣವಿಷ್ಟೆ: ನಾವು ಮಾತಾಡುವಾಗ ನಮ್ಮ ದನಿ ಗಾಳಿಯ ಮೂಲಕ ಮಾತ್ರವಲ್ಲದೆ ತಲೆಬುರುಡೆಯ ಎಲುಬಿನ ಮೂಲಕವೂ ಒಳಗಿವಿಗೆ ತಲುಪುತ್ತದೆ. ಎಲುಬು ತಗ್ಗಿನ ಸ್ವರಗಳನ್ನು ಹೆಚ್ಚಾಗಿ ಸಾಗಿಸುವುದರಿಂದ ನಮಗೆ ನಾವು ಗಂಭೀರಕಂಠದವರಾಗಿ ಕೇಳಿಸುತ್ತೇವೆ. ಯಂತ್ರ ಕೇಳಿಸುವುದು ಎಲುಬಿನ ಪಾಲನ್ನು ಬಿಟ್ಟ ದನಿಯನ್ನು, ಎಂದರೆ ಹೆಂಡತಿ ಮಕ್ಕಳು ಇಷ್ಟು ವರ್ಷ ಕೇಳುತ್ತ ಬಂದ ದನಿಯನ್ನು. ಈ ಅರಿವಿಗೆ ಒಂದು ವಾರವಾದರೂ ಬೇಕಾಗುತ್ತದೆ.

ಹಾಡುವ ಕ್ರಮ ಹೀಗೆ. ಮೊದಲು ಎಲೆಕ್ಟ್ರಾನಿಕ್ ತಂಬೂರಿಯ ಶ್ರುತಿಯನ್ನು ಒಂದು ಪದರವಾಗಿ ಹಾಕಿಕೊಳ್ಳುತ್ತೇನೆ. ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಎರಡನೆಯ ಪದರವಾಗಿ ಪೇಟಿ ನುಡಿಸುತ್ತೇನೆ. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಮೂರನೆಯದು ಕಂಠ. ಇಲ್ಲಿ ಒಂದು ತೊಡಕುಂಟು. ಹಾಡಿದ್ದು ಕಂಪ್ಯೂಟರಿನೊಳಗೆ ಹೊಕ್ಕು ಹೊರಟು ಮರಳಿ ಕಿವಿಗೆ ಬರುವಷ್ಟರಲ್ಲಿ ಸ್ವಲ್ಪ ತಡವಾಗುತ್ತದೆ. ಆ ತಡ ಸೆಕೆಂಡಿನ ನೂರನೆಯ ಒಂದು ಭಾಗವಾದರೆ ಚಿಂತೆಯಿಲ್ಲ. ಮೂರೂವರೆ ಮೀಟರು ದೂರ ಕುಳಿತವನ ತಬಲಾ ಕೇಳಿದಷ್ಟೇ ತಡ ಅದು. ಅದಕ್ಕಿಂತ ಹೆಚ್ಚು ತಡವಾದರೆ ತಾಳ ಕಾಲಿಗೆ ತೊಡರಿದಂತಾಗುತ್ತದೆ. ಆಗ ತಂತ್ರಾಂಶದ ಹೊಂದಾಣಿಕೆಯನ್ನು ಬದಲಿಸಬೇಕು, ಇಲ್ಲವೆ ಒಂದು ಕಿವಿಯನ್ನು ತೆರೆದಿಟ್ಟು ಹಾಡಬೇಕು.

ಇದೆಲ್ಲ ಹೇಗಾದರೂ ಕೈಗೆ ಹತ್ತಿತು. ನನ್ನ ಗರ್ವಭಂಗವಾದದ್ದು ಹಾಡು ಬರೆಯುವುದರಲ್ಲಿ. ಛಂದಸ್ಸು ನನ್ನ ಪಾಠದ ವಿಷಯ. ಮೂರು ಮಾತ್ರೆಯ ನಡೆ, ನಾಲ್ಕರ ನಡೆ, ಐದರ ನಡೆ, ಮೂರು ನಾಲ್ಕು ಕೂಡಿದ ಭಾಮಿನಿಯ ನಡೆ ಇವೆಲ್ಲ ನನಗೆ ಕಂಠಸ್ಥ. ಐದರ ನಡೆಯಲ್ಲಿ ಎರಡು ಸಾಲು ಬರೆದೆ.

ಮಳೆಯ ಹನಿ ಹೆಂಚಿನಲಿ ಬೆರಳತುದಿ ತಾಳವಿಡೆ
ಒಳಮನೆಯ ಕತ್ತಲಲಿ ಅವ್ವನದೆ ಹಾಡುದನಿ

ಎಣಿಸಿ ನೋಡಿ: ಪ್ರತಿ ಗಣಕ್ಕೂ ಐದು ಮಾತ್ರೆ, ಪ್ರತಿ ಸಾಲಿಗೂ ಇಪ್ಪತ್ತು. ಲೆಕ್ಕ ಸರಿಯಾಗಿದೆ. ಪರಿಚಿತರಾದ ತಬಲಾ ವಾದಕರೊಬ್ಬರಿಗೆ ತೋರಿಸಿದೆ. ಅವರು ಹತ್ತು ಮಾತ್ರೆಯ ಝಪತಾಲ ಹಿಡಿದು ಎರಡು ಆವರ್ತ ನುಡಿಸಿ ನಿಲ್ಲಿಸಿಬಿಟ್ಟರು. "ಸರ, ನನ್ನ ತಾಳ ಎರಡು-ಮೂರು ನಡೀತದ, ನಿಮ್ಮ ಪದ ಮೂರು-ಎರಡು ನಡೀತದ. ಇಬ್ಬರೂ ಎದುರಾಬದುರು ಡಿಕ್ಕಿ ಹೊಡೀತೀವಿ" ಎಂದರು. ನಿಜ, 'ಮಳೆಯ' ಮೂರು, 'ಹನಿ' ಎರಡು. ಪರಿಹಾರವನ್ನೂ ಅವರೇ ಹೇಳಿದರು: ಹಾಡನ್ನು ತಾಳದ ಮೊದಲ ಪೆಟ್ಟಿಗೆ ಎತ್ತದೆ ಎರಡು ಮಾತ್ರೆ ಬಿಟ್ಟು ಮೂರನೆಯದರ ಮೇಲೆ ಎತ್ತಬೇಕು. ಆಗ ಪದದ ಮೂರು ತಾಳದ ಮೂರರ ಮೇಲೆ, ಪದದ ಎರಡು ತಾಳದ ಎರಡರ ಮೇಲೆ ತಾನಾಗಿ ಕೂಡುತ್ತದೆ. ಹಾಳೆಯ ಮೇಲೆ ಒಂದಕ್ಷರವನ್ನೂ ತಿದ್ದದೆ ಹಾಡು ನೆಟ್ಟಗಾಯಿತು.

ಎರಡನೆಯ ತೊಡಕು ಮಾತ್ರ ಬಗೆಹರಿಯಲಿಲ್ಲ. 'ಕತ್ತಲಲಿ' ಎಂಬುದು ಇಕಾರದಲ್ಲಿ ಮುಗಿಯುತ್ತದೆ. 'ಅವ್ವನದೆ' ಅಕಾರದಿಂದ ಆರಂಭವಾಗುತ್ತದೆ. ಎರಡು ಸ್ವರಗಳು ಎದುರಾದಲ್ಲಿ ಕನ್ನಡದ ನಾಲಿಗೆ ಸುಮ್ಮನಿರುವುದಿಲ್ಲ, ನಡುವೆ ಒಂದು ಯಕಾರವನ್ನು ತರುತ್ತದೆ. ಅದನ್ನೇ ವ್ಯಾಕರಣದಲ್ಲಿ ಆಗಮಸಂಧಿ ಎನ್ನುತ್ತೇವೆ. ಒಂದೇ ಉಸಿರಿನಲ್ಲಿ ಹಾಡಿದಾಗಲೆಲ್ಲ ಅದು 'ಕತ್ತಲಲಿಯವ್ವನದೆ' ಎಂದೇ ಮುದ್ರಿತವಾಗುತ್ತಿತ್ತು. ಅದನ್ನು ತಪ್ಪಿಸಲು ಎರಡು ಪದಗಳ ನಡುವೆ ಉಸಿರು ತೆಗೆದುಕೊಳ್ಳಬೇಕು. ಉಸಿರಿದ್ದಲ್ಲಿ ಸಂಧಿಯಿಲ್ಲ, ಸಂಧಿಯಿದ್ದಲ್ಲಿ ಉಸಿರಿಲ್ಲ. ನಾನು ಉಸಿರು ತೆಗೆದುಕೊಂಡು ಹಾಡಿದೆ. ಆದರೆ ಆ ಉಸಿರಿನ ಸದ್ದು ಮುದ್ರಣದಲ್ಲಿ ಏದುಸಿರಿನಂತೆ ಅಸಹ್ಯವಾಗಿ ಕೇಳಿಸಿತು. ತಂತ್ರಾಂಶದಲ್ಲಿ ದನಿಯ ಚಿತ್ರ ಕಣ್ಣಿಗೆ ಕಾಣುತ್ತದೆ; ಮಾತು ಗುಡ್ಡದಂತೆ, ಉಸಿರು ಗುಡ್ಡಗಳ ನಡುವಿನ ಹುಲ್ಲಿನಂತೆ. ಆ ಹುಲ್ಲನ್ನು ಕತ್ತರಿಸಿ ತೆಗೆದೆ. ಹಾಡು ಶುದ್ಧವಾಯಿತು ಎಂದುಕೊಂಡೆ. ಹಳಗನ್ನಡದ ಕವಿಗಳು ಪ್ರಾಸವನ್ನು ಬಿಡದೆ ಪಾಲಿಸಿದರು, ಯತಿಯನ್ನು ಅಷ್ಟಾಗಿ ಲೆಕ್ಕಿಸಲಿಲ್ಲ ಎಂದು ವರ್ಷ ವರ್ಷವೂ ಪಾಠ ಹೇಳಿದವನು ನಾನು. ಯತಿ ಎಂದರೆ ಸಾಲಿನ ನಡುವೆ ನಿಲ್ಲುವ ತಾಣ. ಅಲ್ಲಿ ಏಕೆ ನಿಲ್ಲಬೇಕು ಎಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಈಗ ನನ್ನ ತಪ್ಪಿನ ವಿಚಾರ.

1986ರಲ್ಲಿ ಮೊದಲ ಬಾರಿಗೆ ಒಂದು ಟೇಪ್‌ರೆಕಾರ್ಡರ್ ಕೊಂಡು ಹಳ್ಳಿಗೆ ಹೋಗಿದ್ದೆ. ಪಡಸಾಲೆಯಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ಅವ್ವ ಜೋಳ ಬೀಸುತ್ತ ಹಾಡುತ್ತಿದ್ದಳು. 60 ನಿಮಿಷದ ಕ್ಯಾಸೆಟ್ಟಿನ ಒಂದು ಬದಿ ತುಂಬ ಮುದ್ರಿಸಿಕೊಂಡೆ. ಧಾರವಾಡಕ್ಕೆ ಬಂದು ಕೇಳಿದರೆ ಕಲ್ಲಿನ ಗುಡುಗುಡು ಸದ್ದೇ ಹೆಚ್ಚು, ಅವ್ವನ ದನಿ ಅದರ ಹಿಂದೆ. ಮುದ್ರಣ ಕೆಟ್ಟಿದೆ, ಮತ್ತೊಮ್ಮೆ ನೆಟ್ಟಗೆ ಕೂರಿಸಿ ಹಾಡಿಸಬೇಕು ಎಂದುಕೊಂಡು, ಹೆಸರನ್ನೂ ಬರೆಯದೆ ಕಪಾಟಿನಲ್ಲಿ ಇಟ್ಟೆ. ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ತುಣುಕುಗಳಿದ್ದುದು ಹಿರಿಯರಿಗೆ ನೆನಪಿರಬಹುದು. ಅದನ್ನು ಮುರಿದರೆ ಅದರ ಮೇಲೆ ಮತ್ತೊಂದು ಮುದ್ರಣ ಮಾಡಲಾಗದು. ಅದನ್ನೂ ನಾನು ಮುರಿಯಲಿಲ್ಲ.

1991ರಲ್ಲಿ ಒಂದು ವಿಚಾರಗೋಷ್ಠಿಯಲ್ಲಿ ನನ್ನ ಭಾಷಣವಿತ್ತು. ಅದನ್ನು ಮುದ್ರಿಸಿಕೊಳ್ಳುವ ಆಸೆಯಿಂದ ಕಪಾಟಿನಲ್ಲಿದ್ದ ಖಾಲಿ ಕ್ಯಾಸೆಟ್ಟೊಂದನ್ನು ಕೈಗೆ ಸಿಕ್ಕಂತೆ ತೆಗೆದುಕೊಂಡು ಹೋದೆ. ಟೇಪ್‌ರೆಕಾರ್ಡರಿನಲ್ಲಿ ಬರೆಯುವ ತಲೆಗಿಂತ ಮೊದಲು ಅಳಿಸುವ ತಲೆಯೊಂದು ಇರುತ್ತದೆ. ಪಟ್ಟಿ ಅದನ್ನು ದಾಟುವಾಗಲೇ ಹಳೆಯ ಕಾಂತರೇಖೆಗಳೆಲ್ಲ ಕಲಸಿಹೋಗುತ್ತವೆ. ಆಮೇಲೆ ಹೊಸತು ಬರೆಯಲ್ಪಡುತ್ತದೆ. ನನ್ನ ಭಾಷಣದ ವಿಷಯ: ಜಾನಪದ ತ್ರಿಪದಿಯ ಛಂದಸ್ಸು. 1993ರಲ್ಲಿ ಅವ್ವ ತೀರಿಕೊಂಡ ಮೇಲೆ ಕ್ಯಾಸೆಟ್ಟನ್ನು ಹುಡುಕಿ ಹಾಕಿದರೆ, ಅವ್ವ ಹಾಡುವ ಜಾಗದಲ್ಲಿ ನಾನು ಗಂಟಲು ಸರಿಮಾಡಿಕೊಂಡು ಮಾತಾಡುತ್ತಿದ್ದೆ. ಆ ಭಾಷಣ ಇಂದಿಗೂ ಸುರಕ್ಷಿತವಾಗಿದೆ.

ಭಾಷಣ ಮುಗಿದ ಬಳಿಕ ಪಟ್ಟಿಯ ತುದಿಯಲ್ಲಿ ಹನ್ನೊಂದು ಸೆಕೆಂಡು ಅಳಿಯದೆ ಉಳಿದಿದೆ. ಕಲ್ಲಿನ ಸದ್ದು, ಅದರ ಹಿಂದೆ ಒಂದು ಸಾಲಿನ ಅರ್ಧ, ಒಂದು ಉಸಿರು, ಉಳಿದರ್ಧ, ಆಮೇಲೆ ಯಂತ್ರ ನಿಂತ ಸದ್ದು. ನಿವೃತ್ತನಾದ ಮೇಲೆ ಆ ಹನ್ನೊಂದು ಸೆಕೆಂಡನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲೆಂದೇ ಈ ಉಪಕರಣಗಳನ್ನು ಮೊದಲು ಕೊಂಡದ್ದು. ಯಾವ ಹಾಡೆಂದು ನನಗೆ ಗುರುತು ಹತ್ತಲಿಲ್ಲ. ಹುಬ್ಬಳ್ಳಿಯಲ್ಲಿರುವ ಅಕ್ಕನನ್ನು ಕರೆಸಿದೆ. ಅವಳಿಗೀಗ ಎಪ್ಪತ್ತನಾಲ್ಕು. ಹೆಡ್‌ಫೋನು ಹಾಕಿಕೊಂಡು ಒಮ್ಮೆ ಕೇಳಿದಳು. ಎರಡನೆಯ ಸಲ ಕೇಳಲಿಲ್ಲ. ಅಲ್ಲಿಯೇ ಕೌದಿಗೆ ಬೆನ್ನು ಕೊಟ್ಟು ಕುಳಿತು ಆ ಪದವನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದಳು. ಹಾಡುವಾಗ ಅವಳ ಬಲಗೈ ಮೊಣಕಾಲಿನ ಮೇಲೆ ತಾನಾಗಿ ದುಂಡಗೆ ತಿರುಗುತ್ತಿತ್ತು.

ಮರುದಿನ, ನನ್ನ ಹಾಡಿಗೆ ಮಾಡಿದಂತೆಯೇ, ಅವಳ ಹಾಡಿನ ಉಸಿರುಗಳನ್ನೆಲ್ಲ ಕತ್ತರಿಸಿ ತೆಗೆದು ಅಚ್ಚುಕಟ್ಟು ಮಾಡಿ ಕೇಳಿಸಿದೆ. ಅವಳ ಮುಖ ಸಪ್ಪಗಾಯಿತು.

"ತಮ್ಮಾ, ಇದು ನಾ ಹಾಡಿದ್ದಲ್ಲ."

"ನಿನ್ನದೇ ದನಿ ಅಕ್ಕಾ."

"ದನಿ ನಂದ ಐತಿ. ಉಸುರು ಎಲ್ಲಿ ಹೋತು? ಕಲ್ಲು ಎರಡು ಮೂರು ಸುತ್ತು ಬರೂತನಾ ಹಾಡೂದು, ಕಾಳು ಹಾಕೂಮುಂದ ಉಸುರು ತಗೊಳ್ಳೂದು. ಅವ್ವ ಹಂಗ ಹಾಡತಿದ್ಲು. ನೀ ಪದ ಇಟಗೊಂಡಿ, ಅವ್ವನ ಉಸುರು ತಗದು ಒಗದಿ."

ಪುಣ್ಯಕ್ಕೆ ಇದು ಕ್ಯಾಸೆಟ್ಟಲ್ಲ. ಮೂಲ ಮುದ್ರಣ ಹಾಗೆಯೇ ಇತ್ತು. ಕತ್ತರಿಸಿದ್ದನ್ನೆಲ್ಲ ಮರಳಿ ತಂದು, ಅಕ್ಕನ ಹಾಡಿನ ಚಿತ್ರವನ್ನು ಮೇಲೂ ಅವ್ವನ ಹನ್ನೊಂದು ಸೆಕೆಂಡನ್ನು ಕೆಳಗೂ ಇಟ್ಟು ಹೋಲಿಸಿದೆ. ಅವ್ವ ಉಸಿರು ತೆಗೆದುಕೊಂಡದ್ದು ತ್ರಿಪದಿಯ ಎರಡನೆಯ ಸಾಲಿನ ನಡುವೆ. ಅಕ್ಕನೂ ಆ ಪದದ ಪ್ರತಿ ನುಡಿಯಲ್ಲೂ ಅಲ್ಲಿಯೇ ತೆಗೆದುಕೊಂಡಿದ್ದಳು. ಅದು ಆರನೆಯ ಗಣದ ತುದಿ.

ಇಲ್ಲಿ ಛಂದಸ್ಸಿನ ಒಂದು ಮಾತನ್ನು ಹೇಳಲೇಬೇಕು. ತ್ರಿಪದಿಗೆ ಮೂರು ಸಾಲು. ನಾಲ್ಕು, ನಾಲ್ಕು, ಮೂರು ಹೀಗೆ ಒಟ್ಟು 11 ಗಣಗಳು. ಅವುಗಳಲ್ಲಿ ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ವಿಷ್ಣುಗಣಕ್ಕೆ ಮೂರು ಅಂಶ, ಬ್ರಹ್ಮಗಣಕ್ಕೆ ಎರಡೇ. ಎಂದರೆ ಆರನೆಯ ಗಣದಲ್ಲಿ ಒಂದು ಅಂಶ ಕಡಿಮೆ. ನನ್ನ 1991ರ ಭಾಷಣದಲ್ಲಿ ಇದನ್ನು ಶಾಸ್ತ್ರದ ನಿಯಮವೆಂದು ಹೇಳಿ ಮುಂದೆ ಸಾಗಿದ್ದೇನೆ. ಆ ಕಡಿಮೆಯಾದ ಒಂದು ಅಂಶ ಎಲ್ಲಿ ಹೋಯಿತೆಂದು ಕೇಳಿಲ್ಲ. ಬೇರೆಯವರ ಬಾಯಲ್ಲಿ ಹೇಗೋ, ನಮ್ಮ ಅವ್ವನ ಬಾಯಲ್ಲಿ ಅದು ಎಲ್ಲಿಯೂ ಹೋಗಿರಲಿಲ್ಲ. ಅವಳು ಅದನ್ನು ಉಸಿರಿಗೆ ಕೊಟ್ಟಿದ್ದಳು. ಕಲ್ಲಿನ ಬಾಯಿಗೆ ಹಿಡಿ ಜೋಳ ಬೀಳುವ ಹೊತ್ತು ಅದು. ನಾನು ಅಳಿಸಿದ ಅರ್ಧ ಗಂಟೆಯಲ್ಲಿ ಇದರ ಎಷ್ಟು ಉದಾಹರಣೆಗಳಿದ್ದವೋ! ಕಲ್ಲಿನ ಸದ್ದಿನಿಂದ ಮುದ್ರಣ ಕೆಟ್ಟಿತೆಂದು ಅಂದುಕೊಂಡಿದ್ದೆನಲ್ಲ, ಆ ಸದ್ದೇ ಅವಳ ತಾಳವಾಗಿತ್ತು.

ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಸಂಕಲನವನ್ನು ಹೊರತಂದು ನಮ್ಮ ತಾಯಂದಿರ ಹಾಡಿನ ಮಾತುಗಳನ್ನು ಉಳಿಸಿಕೊಟ್ಟರು. ಆ ಋಣ ದೊಡ್ಡದು. ಆದರೆ ಕಾಗದದ ಮೇಲೆ ಮಾತು ಉಳಿಯುತ್ತದೆ, ಮಟ್ಟು ಉಳಿಯುವುದು ಕಷ್ಟ, ಉಸಿರು ಉಳಿಯುವುದೇ ಇಲ್ಲ. ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಅದನ್ನು ಉಳಿಸುವ ಯಂತ್ರವಿದೆ. ಸ್ವಂತ ಹಾಡು ಕಟ್ಟುವವರಿಗೂ ನನ್ನ ಅನುಭವದ ಮಾತು ಇಷ್ಟೇ: ಹಾಳೆಯ ಮೇಲೆ ಮಾತ್ರೆ ಎಣಿಸಿದ ಬಳಿಕ ಉಸಿರನ್ನೂ ಎಣಿಸಿ, ಸಾಲಿನಲ್ಲಿ ಅದಕ್ಕೊಂದು ಜಾಗ ಬಿಡಿ. ಮನೆಯ ಹಿರಿಯರು ಹಾಡುವುದನ್ನು ಮುದ್ರಿಸುವವರಿಗೆ ಇನ್ನೂ ಕೆಲವು ಮಾತು. ಅವರನ್ನು ನೆಟ್ಟಗೆ ಕೂರಿಸಿ ಹಾಡಿಸಬೇಡಿ; ಸೊಪ್ಪು ಸೋಸುತ್ತಲೋ ಹೂ ಕಟ್ಟುತ್ತಲೋ ಹಾಡಿದರೆ ಹಾಗೆಯೇ ಹಾಡಲಿ. ಕೆಮ್ಮನ್ನೂ ಉಸಿರನ್ನೂ ಕತ್ತರಿಸಬೇಡಿ. ಕೊನೆಯಲ್ಲಿ ಹಾಡಿದವರ ಹೆಸರು, ಊರು, ದಿನಾಂಕವನ್ನು ಅವರ ಬಾಯಿಂದಲೇ ಹೇಳಿಸಿ. ಗೌಹರ್ ಜಾನಳ ಆ ಅಂಕಿತ ಪ್ರತಿಯೊಬ್ಬರಿಗೂ ಸಲ್ಲಬೇಕು. ಎರಡು ಪ್ರತಿ ಮಾಡಿ ಬೇರೆಬೇರೆ ಕಡೆ ಇಡಿ. ಇದೂ ನನ್ನ ಅನುಭವದಿಂದ ಹೇಳುವ ಮಾತು.

ಅಕ್ಕ ಹುಬ್ಬಳ್ಳಿಗೆ ಹೊರಡುವ ಮುನ್ನ ನನ್ನ ಹಾಡನ್ನೂ ಕೇಳಿದಳು. ಎರಡು ಮುದ್ರಣಗಳಿದ್ದವು. ಒಂದರಲ್ಲಿ 'ಕತ್ತಲಲಿ' ಎಂದು ಉಸಿರು ತೆಗೆದುಕೊಂಡು 'ಅವ್ವನದೆ' ಎಂದು ತಿದ್ದಿಕೊಂಡು ಹಾಡಿದ್ದೆ; ಕತ್ತರಿಸಿದ ಉಸಿರನ್ನು ಅಲ್ಲಿಗೂ ಮರಳಿ ತಂದಿದ್ದೆ. ಇನ್ನೊಂದು, ನಡುವೆ ನಿಲ್ಲಲು ಮರೆತು ಒಂದೇ ಉಸಿರಿನಲ್ಲಿ ಹಾಡಿದ್ದು. ಅಲ್ಲಿ ಸಂಧಿಯ ಯಕಾರ ಬಂದು 'ಯವ್ವನದೆ' ಎಂದಾಗಿತ್ತು. ನಮ್ಮ ಕಡೆ ಮಕ್ಕಳು ತಾಯಿಯನ್ನು ಕೂಗುವುದು 'ಯವ್ವಾ' ಎಂದೇ. ವ್ಯಾಕರಣ ಗೊತ್ತಿದ್ದ ನನಗೆ ಅದು ಹೊಳೆದಿರಲಿಲ್ಲ. ಯಾವುದನ್ನು ಇಟ್ಟುಕೊಳ್ಳಲಿ ಎಂದು ಕೇಳಿದೆ.

"ಮೊದಲಿಂದರಾಗ ಅವ್ವನ ಬಗ್ಗೆ ಹೇಳಿದಿ," ಎಂದಳು ಅಕ್ಕ. "ಇದರಾಗ ಅವ್ವನ್ನ ಕರದಿ."

ಎರಡನ್ನೂ ಇಟ್ಟುಕೊಂಡಿದ್ದೇನೆ. ಎರಡನೆಯದರ ಕೊನೆಯಲ್ಲಿ ನನ್ನ ಹೆಸರು, ದಿನಾಂಕ ಹೇಳಿದ ಮೇಲೆ, ಅವ್ವನ ಹೆಸರನ್ನೂ ಸೇರಿಸಿದ್ದೇನೆ.